ಅಳುವ ಮಗುವಿಗಿಂತ ಸುಮ್ಮನಾದ ಮಗು ಮೊದಲು ಒಳಗೆ ಹೋಗುವುದೇಕೆ? ಮಕ್ಕಳ ತುರ್ತು ಚಿಕಿತ್ಸೆ ನಡೆಯುವ ಬಗೆ

ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿ ಬಂದಿದ್ದೀರಿ. ಆಡುವಾಗ ಬಿದ್ದು ಹಣೆ ಸೀಳಿದೆ, ಬಟ್ಟೆಗೆಲ್ಲ ರಕ್ತ ಆಗಿದೆ, ಮಗು ಇಡೀ ಕಟ್ಟಡ ಕೇಳುವಂತೆ ಅಳುತ್ತಿದೆ. ನಿಮ್ಮ ಹಿಂದೆಯೇ ಇನ್ನೊಬ್ಬರು ಒಂದು ಕೂಸನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಬರುತ್ತಾರೆ. ಆ ಕೂಸು ಅಳುತ್ತಿಲ್ಲ. ಕಣ್ಣು ಅರ್ಧ ತೆರೆದಿದೆ, ಅಷ್ಟೇ. ನರ್ಸ್ ಹೊದಿಕೆ ಸರಿಸಿ ಒಮ್ಮೆ ನೋಡುತ್ತಾರೆ, ಕೂಸನ್ನು ಎತ್ತಿಕೊಂಡು ಸೀದಾ ಒಳಗೆ ಹೋಗುತ್ತಾರೆ. ನಿಮಗೆ ಮಾತ್ರ "ಸ್ವಲ್ಪ ಕಾಯಿರಿ" ಎನ್ನುತ್ತಾರೆ.

ಸಿಟ್ಟು ಬರುತ್ತದೆ, ಅಲ್ವಾ? ಆದರೆ ಆ ಒಂದು ನೋಟದಲ್ಲಿ ನರ್ಸ್ ಕಂಡದ್ದೇನು ಎಂದು ತಿಳಿದರೆ ಮಕ್ಕಳ ತುರ್ತು ಚಿಕಿತ್ಸೆಯ ಅರ್ಧ ಭಾಗ ಅರ್ಥವಾದಂತೆ. ಜೋರಾಗಿ ಅಳುವ ಮಗುವಿನ ಉಸಿರಿನ ದಾರಿ ತೆರೆದಿದೆ. ಶ್ವಾಸಕೋಶಕ್ಕೆ ಗಾಳಿ ಹೋಗುತ್ತಿದೆ. ಮಿದುಳಿಗೆ ರಕ್ತ ತಲುಪುತ್ತಿದೆ. ಇಷ್ಟನ್ನೂ ಆ ಅಳುವೇ ಹೇಳಿಬಿಡುತ್ತದೆ. ಸುಮ್ಮನಾದ ಕೂಸಿನ ಬಗ್ಗೆ ಇದರಲ್ಲಿ ಒಂದನ್ನೂ ಧೈರ್ಯವಾಗಿ ಹೇಳಲು ಆಗುವುದಿಲ್ಲ.

## ಬಂದ ಕ್ರಮವಲ್ಲ, ಅಪಾಯದ ಕ್ರಮ

ಬಾಗಿಲಲ್ಲೇ ನಡೆಯುವ ಈ ವಿಂಗಡಣೆಗೆ ಟ್ರಯಾಜ್ ಎನ್ನುತ್ತಾರೆ. ಆರಿಸುವುದು, ಬೇರೆ ಮಾಡುವುದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರು ಇದು. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗಾಗಿ ರೂಪಿಸಿದ ವಿಧಾನದಲ್ಲಿ ಮೂರೇ ಗುಂಪು. ಈ ಕ್ಷಣವೇ ಚಿಕಿತ್ಸೆ ಬೇಕಾದವರು, ಸಾಲಿನಲ್ಲಿ ಮುಂದೆ ಹೋಗಬೇಕಾದವರು, ಕಾಯಬಹುದಾದವರು.

ಉಸಿರಾಡದ ಅಥವಾ ತುಂಬಾ ಕಷ್ಟಪಟ್ಟು ಉಸಿರಾಡುವ ಮಗು, ನೀಲಿಗಟ್ಟಿದ ಮಗು, ಕೈಕಾಲು ತಣ್ಣಗಾಗಿ ನಾಡಿ ಕ್ಷೀಣವಾದ ಮಗು, ಪ್ರಜ್ಞೆ ಇಲ್ಲದ ಮಗು, ಈಗಲೂ ಫಿಟ್ಸ್ ಬರುತ್ತಿರುವ ಮಗು, ಭೇದಿಯಿಂದ ಮೈಯ ನೀರೆಲ್ಲ ಒಣಗಿದ ಮಗು ಮೊದಲ ಗುಂಪಿಗೆ ಸೇರುತ್ತಾರೆ. ಎರಡನೆಯ ಗುಂಪಿನಲ್ಲಿ ಒಂದು ವಿಶೇಷ ಇದೆ. 2 ತಿಂಗಳು ತುಂಬದ ಕೂಸು ಯಾವ ತೊಂದರೆಗೆ ಬಂದಿದ್ದರೂ ಸಾಲಿನಲ್ಲಿ ಮುಂದೆ ಹೋಗುತ್ತದೆ. ಅಷ್ಟು ಚಿಕ್ಕ ಕೂಸು ಕೆಲವೇ ಗಂಟೆಗಳಲ್ಲಿ ಕೆಡಬಹುದು, ಕೆಡುವ ಮುನ್ನ ಹೆಚ್ಚು ಸುಳಿವನ್ನೂ ಕೊಡುವುದಿಲ್ಲ.

ಕಾಯಿರಿ ಎಂದು ಹೇಳಿದರೆ ನಿಮ್ಮ ಮಗುವನ್ನು ಮರೆತರು ಎಂದಲ್ಲ. ಆದರೆ ಕಾಯುವಾಗ ಮಗು ಬದಲಾದರೆ, ಅಂದರೆ ಮಂಕಾದರೆ, ಉಸಿರು ಏರಿದರೆ, ಎಬ್ಬಿಸಿದರೂ ಏಳದಿದ್ದರೆ, ಸಂಕೋಚ ಪಡದೆ ಎದ್ದು ಹೋಗಿ ಹೇಳಬೇಕು. ವಿಂಗಡಣೆ ಒಂದೇ ಸಲ ಮುಗಿಯುವ ಕೆಲಸವಲ್ಲ.

## ಮುಟ್ಟುವ ಮೊದಲು ನೋಡುವುದು

ದೊಡ್ಡವರು ಬಂದರೆ ಮೊದಲೇ ಬಿಪಿ, ನಾಡಿ ನೋಡುತ್ತಾರೆ. ಮಕ್ಕಳಲ್ಲಿ ಹಾಗೆ ಮಾಡಿದರೆ ಕೆಲಸ ಕೆಡುತ್ತದೆ. ಗುರುತಿಲ್ಲದವರು ಸ್ಟೆತಸ್ಕೋಪ್ ಹಿಡಿದು ಹತ್ತಿರ ಬಂದ ಕೂಡಲೇ ಮಗು ಅಳುತ್ತದೆ. ಅತ್ತರೆ ಎದೆಬಡಿತ ಏರುತ್ತದೆ, ಉಸಿರು ಏರುತ್ತದೆ, ಮುಖ ಕೆಂಪಾಗುತ್ತದೆ. ಆಮೇಲೆ ಯಾವುದು ಕಾಯಿಲೆ, ಯಾವುದು ಹೆದರಿಕೆ ಎಂದು ಬೇರೆ ಮಾಡುವುದು ಕಷ್ಟ.

ಅದಕ್ಕೇ ಅನುಭವ ಇರುವ ವೈದ್ಯರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಮಗು ತಾಯಿಯ ಮಡಿಲಲ್ಲಿ ಇರುವಾಗಲೇ, ಅರ್ಧ ನಿಮಿಷ ಸುಮ್ಮನೆ ನೋಡುತ್ತಾರೆ. ಅದು ಆಲಸ್ಯದಂತೆ ಕಾಣಬಹುದು. ನಿಜಕ್ಕೂ ಅದೇ ಪರೀಕ್ಷೆ. ಅವರು ನೋಡುವುದು ಮೂರು ವಿಷಯ. ಮಗು ಹೇಗಿದೆ, ಹೇಗೆ ಉಸಿರಾಡುತ್ತಿದೆ, ಚರ್ಮದ ಬಣ್ಣ ಹೇಗಿದೆ. ಇದನ್ನು ಮಕ್ಕಳ ತಪಾಸಣೆಯ ತ್ರಿಕೋನ ಎಂದು ಕರೆಯುತ್ತಾರೆ.

'ಹೇಗಿದೆ' ಎನ್ನುವುದರಲ್ಲಿ ತುಂಬಾ ಇದೆ. ಕೈಕಾಲಲ್ಲಿ ಬಿಗಿ ಇದೆಯೋ, ಒದ್ದೆ ಬಟ್ಟೆಯಂತೆ ಜೋತು ಬಿದ್ದಿವೆಯೋ? ಆಟಿಕೆಯನ್ನೋ ಮುಖವನ್ನೋ ಕಣ್ಣಿನಿಂದ ಹಿಂಬಾಲಿಸುತ್ತಿದೆಯೋ, ಎಲ್ಲೋ ನೆಟ್ಟ ನೋಟವೋ? ಎತ್ತಿಕೊಂಡರೆ ಸಮಾಧಾನ ಆಗುತ್ತದೆಯೋ? ಅಳು ಗಟ್ಟಿಯಾಗಿದೆಯೋ, ಕ್ಷೀಣವೋ, ಕೀರಲೋ? ತಾಯಿ ಎತ್ತಿಕೊಂಡರೂ ಸಮಾಧಾನ ಆಗದ ಅಳು, ಎತ್ತಿಕೊಂಡಷ್ಟೂ ಜಾಸ್ತಿಯಾಗುವ ಅಳು ವೈದ್ಯರ ಕಿವಿ ನೆಟ್ಟಗಾಗಿಸುತ್ತದೆ. ಮಿದುಳಿನ ಪೊರೆಗೆ ಸೋಂಕು ತಗುಲಿದಾಗ ಹಾಗಾಗಬಹುದು.

ಉಸಿರಿನಲ್ಲಿ ನೋಡುವುದು ವೇಗಕ್ಕಿಂತ ಹೆಚ್ಚಾಗಿ ಶ್ರಮವನ್ನು. ಮೂಗಿನ ಹೊಳ್ಳೆ ಅರಳುತ್ತಿದೆಯೇ, ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿದೆಯೇ, ಪ್ರತಿ ಉಸಿರಿಗೂ ಕೂಸಿನ ತಲೆ ಮೇಲೆ ಕೆಳಗೆ ಆಡುತ್ತಿದೆಯೇ. ಜೊತೆಗೆ ಸದ್ದು. ಉಸಿರು ಒಳಗೆ ಎಳೆದುಕೊಳ್ಳುವಾಗ ಕರ್ಕಶ ಸದ್ದು ಬಂದರೆ ತೊಂದರೆ ಗಂಟಲಿನ ಹತ್ತಿರ. ಹೊರಗೆ ಬಿಡುವಾಗ ಸಿಳ್ಳೆಯಂತೆ ಬಂದರೆ ಎದೆಯೊಳಗಿನ ಸಣ್ಣ ನಳಿಗೆಗಳಲ್ಲಿ. ಪ್ರತಿ ಉಸಿರಿನ ಕೊನೆಗೆ 'ಉಂ, ಉಂ' ಎಂದು ನರಳಿದಂತೆ ಬರುವ ಸದ್ದು ಇದೆಯಲ್ಲ, ಅದನ್ನು ಹೊಟ್ಟೆನೋವು ಎಂದು ತಿಳಿಯುವವರು ಇದ್ದಾರೆ. ಅನೇಕ ಸಲ ಅದು ಮುಚ್ಚಿಹೋಗುತ್ತಿರುವ ಶ್ವಾಸಕೋಶದ ಗಾಳಿಚೀಲಗಳನ್ನು ತೆರೆದಿಡಲು ಕೂಸು ಗಂಟಲನ್ನು ಅರ್ಧ ಮುಚ್ಚಿ ಉಸಿರು ಬಿಡುವ ಸದ್ದು. ಈ ನರಳಾಟ ಕೇಳಿದರೆ ತಡಮಾಡಬಾರದು.

ಚರ್ಮ ಬಿಳಿಚಿಕೊಂಡಿದ್ದರೆ, ಬಲೆ ಹಾಸಿದಂತೆ ನೀಲಿ ಬಿಳಿ ಗೆರೆ ಮೂಡಿದ್ದರೆ ರಕ್ತ ಸಂಚಾರ ಸರಿಯಿಲ್ಲ ಎಂಬ ಅನುಮಾನ ಹುಟ್ಟುತ್ತದೆ. ಮೈಬಣ್ಣ ಕಪ್ಪಿದ್ದರೆ ಇದು ಸುಲಭವಾಗಿ ಕಾಣುವುದಿಲ್ಲ. ಆಗ ತುಟಿ, ನಾಲಿಗೆ, ಅಂಗೈ, ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡುತ್ತಾರೆ.

## 1 ಮಿಲಿಮೀಟರ್ ಊತದ ಲೆಕ್ಕ

ದೊಡ್ಡವರ ಹೃದಯ ಇದ್ದಕ್ಕಿದ್ದಂತೆ ನಿಂತರೆ ಕಾರಣ ಹೆಚ್ಚಾಗಿ ಹೃದಯದಲ್ಲೇ ಇರುತ್ತದೆ. ಮಕ್ಕಳಲ್ಲಿ ಹಾಗಲ್ಲ. ಅವರ ಹೃದಯ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಉಸಿರು ಸಾಲದೆ, ಇಲ್ಲವೇ ರಕ್ತ ಸಂಚಾರ ಸಾಲದೆ, ಆಕ್ಸಿಜನ್ ಕಡಿಮೆಯಾಗುತ್ತಾ ಹೋಗಿ ಕೊನೆಗೆ ಹೃದಯ ನಿಲ್ಲುತ್ತದೆ. ಅಂದರೆ ಅದಕ್ಕೆ ಮುಂಚೆ ಸ್ವಲ್ಪ ಸಮಯ ಇರುತ್ತದೆ. ಮಕ್ಕಳ ತುರ್ತು ಚಿಕಿತ್ಸೆ ನಿಂತಿರುವುದೇ ಆ ಸಮಯದ ಮೇಲೆ.

ಉಸಿರು ಯಾಕೆ ಅಷ್ಟು ಬೇಗ ಕೈಕೊಡುತ್ತದೆ? ಒಂದು ಲೆಕ್ಕ ನೋಡಿ. ಕೂಸಿನ ಶ್ವಾಸನಾಳ ಸುಮಾರು 4 ಮಿಲಿಮೀಟರ್ ಅಗಲ ಎಂದುಕೊಳ್ಳೋಣ, ದೊಡ್ಡವರದು 8. ಶೀತದಿಂದ ಒಳಗೋಡೆ ಸುತ್ತಲೂ 1 ಮಿಲಿಮೀಟರ್ ಊದಿತು. ದೊಡ್ಡವರಿಗೆ 6 ಉಳಿಯಿತು, ಕೂಸಿಗೆ 2 ಮಾತ್ರ. ನಳಿಗೆ ಕಿರಿದಾದಂತೆ ಗಾಳಿ ಎಳೆಯುವ ಕಷ್ಟ ನೇರ ಲೆಕ್ಕದಲ್ಲಿ ಏರುವುದಿಲ್ಲ. ಅಗಲ ಅರ್ಧವಾದರೆ ಕಷ್ಟ 16 ಪಟ್ಟಾಗುತ್ತದೆ. ಅದೇ ಊತದಿಂದ ದೊಡ್ಡವರಿಗೆ ಆಗುವ ಹೆಚ್ಚಳ 3 ಪಟ್ಟು. ಅಗಲವಾದ ಸ್ಟ್ರಾದಲ್ಲಿ ನೀರು ಕುಡಿಯುವುದಕ್ಕೂ ಪೆನ್ನಿನ ರೀಫಿಲ್‌ನಷ್ಟು ಸಣ್ಣ ಕೊಳವೆಯಲ್ಲಿ ಕುಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ನಮಗೆ ಬರೀ ನೆಗಡಿ ತರುವ ವೈರಸ್ ಒಂದು ಕೂಸನ್ನು ಆಕ್ಸಿಜನ್ ಹಾಕುವ ಸ್ಥಿತಿಗೆ ತರುವುದು ಹೀಗೆ.

ಇದರ ಮೇಲೆ, ಪ್ರತಿ ಕಿಲೋ ತೂಕಕ್ಕೆ ಕೂಸಿಗೆ ಬೇಕಾಗುವ ಆಕ್ಸಿಜನ್ ದೊಡ್ಡವರ ಸುಮಾರು ಎರಡರಷ್ಟು. ಪಕ್ಕೆಲುಬು ಮೆತ್ತಗೆ, ಉಸಿರಾಟದ ಸ್ನಾಯು ಬೇಗ ಸೋಲುತ್ತದೆ. ಮೊದಲ ಕೆಲವು ತಿಂಗಳು ಕೂಸು ಉಸಿರಾಡುವುದು ಹೆಚ್ಚಾಗಿ ಮೂಗಿನಿಂದಲೇ. ಹಾಗಾಗಿ ಕಟ್ಟಿದ ಮೂಗನ್ನು ಶುಚಿ ಮಾಡಿದ ಮಾತ್ರಕ್ಕೇ ಕೆಲವು ಕೂಸುಗಳು ಮತ್ತೆ ಹಾಲು ಕುಡಿಯಲು ಶುರು ಮಾಡುತ್ತವೆ. ಅದನ್ನು ನೋಡುವಾಗ ಆಗುವ ಸಂತೋಷವೇ ಬೇರೆ.

ಇಲ್ಲಿ ಒಂದು ಮೋಸದ ಜಾಗ ಇದೆ. ನಿಮಿಷಕ್ಕೆ 70 ಸಲ ಉಸಿರಾಡುತ್ತಿದ್ದ ಕೂಸು ಸ್ವಲ್ಪ ಹೊತ್ತಿನ ಮೇಲೆ 30ಕ್ಕೆ ಇಳಿಯಿತು. ಎದೆ ಸೆಳೆತವೂ ಕಡಿಮೆಯಾಯಿತು. ವಾಸಿಯಾಯಿತೇ? ಕೂಸು ಎಚ್ಚರವಾಗಿ, ಗೆಲುವಾಗಿ, ಬಣ್ಣ ಚೆನ್ನಾಗಿದ್ದರೆ ಹೌದು. ಮಂಕಾಗಿ, ಬಿಳಿಚಿಕೊಂಡಿದ್ದರೆ ಅದು ಸುಸ್ತಾಗಿ ಕೈಚೆಲ್ಲುತ್ತಿದೆ ಎಂದರ್ಥ. ಅಸ್ತಮಾದಲ್ಲೂ ಹೀಗೇ. ಸಿಳ್ಳೆ ಸದ್ದು ನಿಂತಿದ್ದಕ್ಕೆ ಕಾರಣ ನಳಿಗೆ ತೆರೆದದ್ದೂ ಇರಬಹುದು, ಸದ್ದು ಮಾಡುವಷ್ಟೂ ಗಾಳಿ ಓಡಾಡದಿರುವುದೂ ಇರಬಹುದು. ವೈದ್ಯರು 'ಸೈಲೆಂಟ್ ಚೆಸ್ಟ್' ಎಂದು ಗಾಬರಿಯಿಂದ ಹೇಳುವುದು ಎರಡನೆಯದಕ್ಕೆ.

ನಾಯಿ ಬೊಗಳಿದಂತೆ ಕೆಮ್ಮು ಬರುವ ಕ್ರೂಪ್ ಎಂಬ ಕಾಯಿಲೆಯಲ್ಲಿ ಗಂಟಲ ಬಳಿ ಊತ ಇರುತ್ತದೆ. ಆ ಮಗುವನ್ನು ಮಲಗಿಸಿ, ಬಾಯಿಗೆ ಚಮಚ ಹಾಕಿ ಗಂಟಲು ನೋಡಲು ಹೋಗುವುದಿಲ್ಲ. ಮಡಿಲಿನಿಂದ ಇಳಿಸುವುದೂ ಇಲ್ಲ. ಅತ್ತರೆ ಕಿರಿದಾದ ದಾರಿ ಇನ್ನೂ ಕುಸಿಯುತ್ತದೆ. ಊತ ಇಳಿಸಲು ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಸಾಮಾನ್ಯವಾಗಿ ಒಂದು ಡೋಸ್ ಕೊಡುತ್ತಾರೆ, ಜೋರಾಗಿದ್ದರೆ ಅಡ್ರಿನಲಿನ್ ಹಬೆಯನ್ನೂ ಕೊಡುತ್ತಾರೆ. ತಾಯಿಯ ಮಡಿಲು ಇಲ್ಲಿ ಚಿಕಿತ್ಸೆಯ ಒಂದು ಭಾಗ.

## ಬಿಪಿ ಸರಿ ಇದ್ದರೂ ಸರಿ ಇಲ್ಲದಿರಬಹುದು

ಹೂತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಒಳಗೆ ನೀರು ಕಡಿಮೆ ಬರುತ್ತಿದ್ದರೂ ಒತ್ತಡ ಜೋರಾಗಿಯೇ ಇರುತ್ತದೆ. ನೀರು ಅಥವಾ ರಕ್ತ ಕಳೆದುಕೊಂಡ ಮಗುವಿನ ದೇಹ ಇದನ್ನೇ ಮಾಡುತ್ತದೆ. ಚರ್ಮ, ಕೈಕಾಲುಗಳ ರಕ್ತನಾಳಗಳನ್ನು ಹಿಂಡಿ ಹಿಡಿಯುತ್ತದೆ, ಹೃದಯವನ್ನು ವೇಗವಾಗಿ ಓಡಿಸುತ್ತದೆ. ಉಳಿದ ರಕ್ತವೆಲ್ಲ ಮಿದುಳಿಗೆ, ಹೃದಯಕ್ಕೆ. ಬಿಪಿ ಯಂತ್ರದಲ್ಲಿ ಅಂಕಿ ಸರಿಯಾಗಿಯೇ ಕಾಣುತ್ತದೆ.

ಈ ಹಿಡಿತ ತಪ್ಪಿದಾಗ ಬಿಪಿ ಮೆಲ್ಲಗೆ ಇಳಿಯುವುದಿಲ್ಲ, ಕುಸಿಯುತ್ತದೆ. ಹಾಗಾಗಿ ಮಕ್ಕಳಲ್ಲಿ ಕಡಿಮೆ ಬಿಪಿ ಎನ್ನುವುದು ತಡವಾಗಿ ಬರುವ ಲಕ್ಷಣ. ಅದಕ್ಕೆ ಕಾಯುವ ವೈದ್ಯರು ತಡವಾದಂತೆ. 1ರಿಂದ 10 ವರ್ಷದವರಿಗೆ ಒಂದು ಸರಳ ಸೂತ್ರ ಇದೆ. ವಯಸ್ಸಿನ ಎರಡರಷ್ಟಕ್ಕೆ 70 ಸೇರಿಸಿದರೆ ಮೇಲಿನ ಬಿಪಿಯ ಕೆಳಗಿನ ಮಿತಿ ಸಿಗುತ್ತದೆ. 4 ವರ್ಷದ ಮಗುವಿಗೆ 78. ಆದರೆ ಅದಕ್ಕಿಂತ ಬಹಳ ಮೊದಲೇ ತಣ್ಣಗಾದ ಪಾದ, ಓಡುವ ನಾಡಿ, ಕಡಿಮೆಯಾದ ಮೂತ್ರ, ಮಂಕು ಕಾಣುತ್ತವೆ. ಬೆರಳನ್ನು ಅಥವಾ ಎದೆಯ ಚರ್ಮವನ್ನು ಕೆಲವು ಸೆಕೆಂಡು ಒತ್ತಿ ಬಿಟ್ಟರೆ ಬಿಳಿಯಾದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವೈದ್ಯರು ಮಗುವಿನ ಉಗುರು ಒತ್ತಿ ಮನಸ್ಸಿನಲ್ಲೇ ಎಣಿಸುತ್ತಿರುವುದು ಇದನ್ನೇ.

ಮಗುವಿನ ಮೈಯಲ್ಲಿರುವ ರಕ್ತ ಕಿಲೋಗೆ ಸುಮಾರು 80 ಮಿಲಿಲೀಟರ್. 10 ಕಿಲೋ ತೂಗುವ ಮಗುವಿಗೆ 800. ಒಂದು ಲೋಟದಷ್ಟು, 200 ಮಿಲಿಲೀಟರ್ ಹೋದರೆ ಕಾಲು ಭಾಗ ಹೋದಂತೆ. ನೆಲದ ಮೇಲೆ ಅಷ್ಟು ರಕ್ತ ನೋಡಿದರೆ ದೊಡ್ಡವರ ಕಣ್ಣಿಗೆ ಜಾಸ್ತಿ ಅನಿಸದಿರಬಹುದು.

ಇಂಥ ಸ್ಥಿತಿಗೆ ಶಾಕ್ ಎನ್ನುತ್ತಾರೆ. ಮನಸ್ಸಿಗೆ ಆಗುವ ಆಘಾತಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾಮಾನ್ಯವಾಗಿ ಕಿಲೋಗೆ 10ರಿಂದ 20 ಮಿಲಿಲೀಟರ್ ಲೆಕ್ಕದಲ್ಲಿ ಸಲೈನ್ ಬೇಗ ಕೊಟ್ಟು, ಕೂಡಲೇ ಮತ್ತೆ ಪರೀಕ್ಷಿಸುತ್ತಾರೆ. ಒಂದೇ ಸಮನೆ ಸುರಿಯುವುದಿಲ್ಲ. ಇದಕ್ಕೆ ಹಿನ್ನೆಲೆ ಇದೆ. ಉಗಾಂಡಾ, ಕೀನ್ಯಾ, ತಾಂಜಾನಿಯಾದಲ್ಲಿ 3,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಫೀಸ್ಟ್ ಎಂಬ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ತೀವ್ರ ಜ್ವರದ ಜೊತೆಗೆ ರಕ್ತ ಸಂಚಾರ ಕೆಟ್ಟ ಮಕ್ಕಳಿಗೆ ವೇಗವಾಗಿ ದ್ರವ ಕೊಟ್ಟಾಗ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಎಲ್ಲರೂ ಒಳ್ಳೆಯದೇ ಎಂದು ನಂಬಿದ್ದ ಚಿಕಿತ್ಸೆ ಅದು. ಅಂದಿನಿಂದ ಯಾವ ಮಗುವಿಗೆ, ಎಷ್ಟು, ಎಷ್ಟು ವೇಗವಾಗಿ ಎಂದು ಎಚ್ಚರದಿಂದ ನೋಡುತ್ತಾರೆ. ಭೇದಿಯಿಂದ ನೀರು ಹೋದ ಮಗುವಿನ ಲೆಕ್ಕ ಬೇರೆ, ಹೃದಯದ ತೊಂದರೆ ಇರುವ ಅಥವಾ ತುಂಬಾ ಸೊರಗಿದ ಮಗುವಿನ ಲೆಕ್ಕ ಬೇರೆ.

## ಕಾಯಿಲೆಯ ಹೆಸರು ಆಮೇಲೆ

"ಏನಾಗಿದೆ ಹೇಳಿ" ಎಂದು ಹೆತ್ತವರು ಕೇಳುತ್ತಲೇ ಇರುತ್ತಾರೆ. ಒಳಗಿನವರು ಉತ್ತರ ಹೇಳದೆ ಆಕ್ಸಿಜನ್ ಹಾಕುತ್ತಿರುತ್ತಾರೆ. ಅದು ಉಪೇಕ್ಷೆಯಲ್ಲ. ತುರ್ತು ವಿಭಾಗದಲ್ಲಿ ಕ್ರಮ ತಿರುವುಮುರುವು. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ ಸಂಚಾರ, ನಂತರ ಪ್ರಜ್ಞೆ, ಕೊನೆಗೆ ಬಟ್ಟೆ ಬಿಚ್ಚಿ ಇಡೀ ಮೈ ನೋಡುವುದು. ಒಂದು ಹಂತದಲ್ಲಿ ತೊಂದರೆ ಕಂಡರೆ ಅದನ್ನು ಅಲ್ಲೇ ಸರಿಪಡಿಸಿ ಮುಂದಕ್ಕೆ ಹೋಗುತ್ತಾರೆ. ನ್ಯುಮೋನಿಯಾವೋ ಅಸ್ತಮಾವೋ ಎಂಬುದು ಹತ್ತು ನಿಮಿಷ ತಡವಾಗಿ ಗೊತ್ತಾದರೂ ಪರವಾಗಿಲ್ಲ, ಆಕ್ಸಿಜನ್ ಹತ್ತು ನಿಮಿಷ ತಡವಾಗುವ ಹಾಗಿಲ್ಲ.

ಪ್ರಜ್ಞೆ ನೋಡುವಾಗ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಗ್ಲೂಕೋಸ್ ನೋಡುತ್ತಾರೆ. ಸಕ್ಕರೆ ಕಾಯಿಲೆ ಇಲ್ಲದ ಮಗುವಿಗೆ ಇದೇಕೆ ಎನ್ನಿಸಬಹುದು. ಚಿಕ್ಕ ಮಕ್ಕಳ ದೇಹದಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ, ಮಿದುಳಿನ ಖರ್ಚು ಹೆಚ್ಚು. ವಾಂತಿ, ಜ್ವರದಿಂದ ಊಟ ಬಿಟ್ಟ ಮಗುವಿನ ಗ್ಲೂಕೋಸ್ ಇಳಿದು ಮಂಕಾಗಬಹುದು, ಫಿಟ್ಸ್ ಬರಬಹುದು. ಒಂದೇ ಹನಿಯಲ್ಲಿ ಗೊತ್ತಾಗುವ, ನಿಮಿಷಗಳಲ್ಲಿ ಸರಿಹೋಗುವ ಕಾರಣ ಅದು. ಅದನ್ನು ಬಿಟ್ಟುಬಿಡುವುದು ದೊಡ್ಡ ತಪ್ಪು.

## ತೂಕ ಕೇಳುವುದೇಕೆ?

ದೊಡ್ಡವರಲ್ಲಿ ಎಷ್ಟೋ ಔಷಧಗಳು ಎಲ್ಲರಿಗೂ ಒಂದೇ ಪ್ರಮಾಣ. ಮಕ್ಕಳ ವಿಭಾಗಕ್ಕೆ 3 ಕಿಲೋ ಕೂಸೂ ಬರುತ್ತದೆ, 60 ಕಿಲೋ ಹುಡುಗನೂ ಬರುತ್ತಾನೆ. ಪ್ರತಿ ಔಷಧವನ್ನೂ ತೂಕಕ್ಕೆ ಗುಣಿಸಬೇಕು, ಅದೂ ಗದ್ದಲದ ನಡುವೆ, ಕೈ ನಡುಗುವ ಹೊತ್ತಿನಲ್ಲಿ.

ಒಂದು ಉದಾಹರಣೆ. ಹೃದಯ ನಿಂತಾಗ ಕೊಡುವ ಅಡ್ರಿನಲಿನ್ ಕಿಲೋಗೆ 0.01 ಮಿಲಿಗ್ರಾಂ. 5 ಕಿಲೋ ಕೂಸಿಗೆ 0.05 ಮಿಲಿಗ್ರಾಂ. ಸಾಮಾನ್ಯವಾಗಿ ಸಿಗುವ ಆಂಪ್ಯೂಲ್‌ನಲ್ಲಿ, ಅಂದರೆ ಔಷಧದ ಪುಟ್ಟ ಗಾಜಿನ ಬಾಟಲಿಯಲ್ಲಿ, 1 ಮಿಲಿಗ್ರಾಂ ಇರುತ್ತದೆ. ಅಂದರೆ ಕೂಸಿಗೆ ಬೇಕಾಗಿದ್ದು ಅದರ ಇಪ್ಪತ್ತರಲ್ಲಿ ಒಂದು ಪಾಲು. ಚುಕ್ಕಿ ಒಂದು ಸ್ಥಾನ ಆಚೀಚೆ ಆದರೆ ಹತ್ತು ಪಟ್ಟು ತಪ್ಪು. ದೊಡ್ಡವರಿಗೆ ಹತ್ತು ಪಟ್ಟು ಕೊಡಬೇಕೆಂದರೆ ಹತ್ತು ಬಾಟಲಿ ಒಡೆಯಬೇಕು, ಯಾರಾದರೂ "ನಿಲ್ಲಿ" ಎನ್ನುತ್ತಾರೆ. ಕೂಸಿಗೆ ಹತ್ತು ಪಟ್ಟು ಔಷಧವೂ ಒಂದೇ ಆಂಪ್ಯೂಲ್‌ನಲ್ಲಿ ಇರುತ್ತದೆ. ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಇಬ್ಬರು ಸಿಬ್ಬಂದಿ ಪ್ರಮಾಣವನ್ನು ಗಟ್ಟಿಯಾಗಿ ಓದಿ ಹೇಳಿ ಒಪ್ಪಿಸಿಕೊಳ್ಳುವುದು ಇದಕ್ಕೇ.

ತೂಗಲು ಸಮಯವೇ ಇಲ್ಲದಿದ್ದರೆ? ಅಮೆರಿಕದ ವೈದ್ಯ ಜೇಮ್ಸ್ ಬ್ರೋಸ್ಲೋ 1980ರ ದಶಕದಲ್ಲಿ ಇದಕ್ಕೊಂದು ಜಾಣ ಉತ್ತರ ಕೊಟ್ಟರು. ಬಣ್ಣ ಬಣ್ಣದ ಪಟ್ಟೆಗಳಿರುವ ಉದ್ದನೆಯ ಟೇಪು. ಮಲಗಿರುವ ಮಗುವಿನ ತಲೆಯಿಂದ ಹಿಮ್ಮಡಿಯವರೆಗೆ ಅದನ್ನು ಹಾಸುತ್ತಾರೆ. ಹಿಮ್ಮಡಿ ಯಾವ ಬಣ್ಣಕ್ಕೆ ಬಂತೋ ಅದರ ಮೇಲೆ ಅಂದಾಜು ತೂಕ, ಔಷಧದ ಪ್ರಮಾಣ, ಟ್ಯೂಬಿನ ಅಳತೆ ಎಲ್ಲ ಅಚ್ಚಾಗಿರುತ್ತದೆ. ಹಾಗಿದ್ದರೂ ಅಂದಾಜು ಅಂದಾಜೇ. ಮಗುವಿನ ಇತ್ತೀಚಿನ ತೂಕ ನಿಮಗೆ ಗೊತ್ತಿದ್ದರೆ ಕೇಳುವ ಮೊದಲೇ ಹೇಳಿಬಿಡಿ.

## ನರ ಸಿಗದಿದ್ದರೆ ಮೂಳೆ

ಹೆತ್ತವರನ್ನು ಹೆಚ್ಚು ಹೆದರಿಸುವ ದೃಶ್ಯ ಬಹುಶಃ ಇದು. ಶಾಕ್‌ನಲ್ಲಿರುವ ಕೂಸಿನ ನರಗಳು, ಅಂದರೆ ಸಲೈನ್ ಹಾಕುವ ರಕ್ತನಾಳಗಳು, ದಾರದಷ್ಟು ಸಣ್ಣದಾಗಿ ಕುಸಿದಿರುತ್ತವೆ. ಆಗ ಮೊಣಕಾಲಿನ ಸ್ವಲ್ಪ ಕೆಳಗೆ, ಕಾಲಿನ ಮೂಳೆಗೇ ಸೂಜಿ ಇಳಿಸುತ್ತಾರೆ. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತನಾಳಗಳ ಜಾಲವಿದೆ. ಗಟ್ಟಿ ಮೂಳೆಯೊಳಗೆ ಇರುವುದರಿಂದ ಅದು ಕುಸಿಯುವುದಿಲ್ಲ. ಅಲ್ಲಿ ಹಾಕಿದ ಔಷಧ, ದ್ರವ ನರಕ್ಕೆ ಕೊಟ್ಟಷ್ಟೇ ಬೇಗ ಹೃದಯ ತಲುಪುತ್ತದೆ. ನರ ಸಿಕ್ಕಿದ ಮೇಲೆ ಈ ಸೂಜಿ ತೆಗೆಯುತ್ತಾರೆ. ಇನ್ನು ನೋವಿಗೆ, ಫಿಟ್ಸ್‌ಗೆ ಕೊಡುವ ಕೆಲವು ಔಷಧಗಳನ್ನು ಸೂಜಿಯೇ ಇಲ್ಲದೆ ಮೂಗಿಗೆ ಸಿಂಪಡಿಸಿಯೂ ಕೊಡಬಹುದು.

## ಜ್ವರ ಮತ್ತು ಫಿಟ್ಸ್

ಜ್ವರದ ವಿಷಯದಲ್ಲಿ ಅಂಕಿಗಿಂತ ವಯಸ್ಸು ಮುಖ್ಯ. 3 ತಿಂಗಳಿಗಿಂತ ಚಿಕ್ಕ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ಅದೇ ದಿನ, ಅದೇ ಹೊತ್ತು ಆಸ್ಪತ್ರೆ. ಆ ವಯಸ್ಸಿನಲ್ಲಿ ರಕ್ತದ ಸೋಂಕೂ ಬರೀ ಜ್ವರದಂತೆಯೇ ಕಾಣಬಹುದು. ಅದಕ್ಕೇ ರಕ್ತ, ಮೂತ್ರ, ಕೆಲವೊಮ್ಮೆ ಬೆನ್ನಿನ ನೀರನ್ನೂ ಪರೀಕ್ಷೆಗೆ ತೆಗೆಯುತ್ತಾರೆ. 4 ವರ್ಷದ ಮಗು 39.5 ಜ್ವರದಲ್ಲಿ, ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ಎದ್ದು ಆಡುತ್ತಿದ್ದರೆ ಅಷ್ಟು ಭಯವಿಲ್ಲ. 38.2 ಇದ್ದೂ ಎಬ್ಬಿಸಿದರೆ ಏಳದಿದ್ದರೆ ಭಯವಿದೆ. ಜ್ವರದ ಜೊತೆ ಮೈಮೇಲೆ ಕೆಂಪು ನೇರಳೆ ಚುಕ್ಕೆ ಎದ್ದು, ಗಾಜಿನ ಲೋಟ ಒತ್ತಿ ನೋಡಿದರೂ ಮಾಯವಾಗದಿದ್ದರೆ ಒಂದು ನಿಮಿಷವೂ ಕಾಯಬೇಡಿ.

ಜ್ವರದ ಫಿಟ್ಸ್ ನೋಡಿದ ತಾಯಿ ತಂದೆ ಅನೇಕರು "ಮಗು ಹೋಯಿತು ಅಂದುಕೊಂಡೆವು" ಎನ್ನುತ್ತಾರೆ. ಆ ಭಯವನ್ನು ಹಗುರವಾಗಿ ನೋಡಬಾರದು. 6 ತಿಂಗಳಿಂದ 5 ವರ್ಷದವರೆಗಿನ ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಇದು ಬರುತ್ತದೆ. ಹೆಚ್ಚಿನವು 5 ನಿಮಿಷದೊಳಗೆ ತಾವೇ ನಿಲ್ಲುತ್ತವೆ, ಮಿದುಳಿಗೆ ಹಾನಿ ಮಾಡುವುದಿಲ್ಲ. ಮಗುವನ್ನು ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಬೇಡ. ಕೈಕಾಲು ಗಟ್ಟಿಯಾಗಿ ಹಿಡಿಯುವುದೂ ಬೇಡ.

5 ನಿಮಿಷ ಎನ್ನುವುದು ಸುಮ್ನೆ ಹೇಳುವ ಅಂಕಿಯಲ್ಲ. ಅದು ದಾಟಿದ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ, ಔಷಧಕ್ಕೂ ಬಗ್ಗುವುದು ಕಷ್ಟವಾಗುತ್ತದೆ. ಆಗ ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಅಥವಾ ಲೊರಾಜೆಪಾಮ್ ಎಂಬ ಔಷಧ ಕೊಡುತ್ತಾರೆ, ನಿಲ್ಲದಿದ್ದರೆ ಇನ್ನೊಂದು ಡೋಸ್, ಆಮೇಲೆ ಬೇರೆ ಔಷಧ. ನೀವು "ತುಂಬಾ ಹೊತ್ತು ಬಂತು" ಎನ್ನುವುದಕ್ಕಿಂತ "7 ನಿಮಿಷ" ಎಂದರೆ ಅವರ ನಿರ್ಧಾರವೇ ಬದಲಾಗಬಹುದು.

## ಮಗು ಚೆನ್ನಾಗಿ ಕಂಡರೂ ಓಡಬೇಕಾದ ಹೊತ್ತು

ಕೆಲವು ತುರ್ತುಗಳು ಮಗುವಿನ ಮುಖದಲ್ಲಿ ಕಾಣುವುದಿಲ್ಲ. ನಾಣ್ಯದಂತಿರುವ ಬಟನ್ ಬ್ಯಾಟರಿ ನುಂಗಿದ ಮಗು ಆಡುತ್ತಲೇ ಇರಬಹುದು. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆ ಗೋಡೆಯ ಮೂಲಕ ವಿದ್ಯುತ್ ಹರಿದು, ಅಲ್ಲೇ ಸುಡುವ ಕ್ಷಾರ ತಯಾರಾಗುತ್ತದೆ. ಬ್ಯಾಟರಿ ಸೋರಬೇಕೆಂದೇನೂ ಇಲ್ಲ. 2 ಗಂಟೆಯಲ್ಲಿ ಆಳವಾದ ಗಾಯ ಆಗಬಹುದು. ಮಲದಲ್ಲಿ ಬರುತ್ತದೆ ಎಂದು ಕಾಯುವ ವಿಷಯ ಅಲ್ಲ ಇದು. ಕೂಡಲೇ ಎಕ್ಸ್‌ರೇ ಬೇಕು.

ಹುಟ್ಟಿದ ಕೆಲವೇ ದಿನಗಳ ಕೂಸು ಹಸಿರು ವಾಂತಿ ಮಾಡಿದರೆ ಕರುಳು ತಿರುಚಿಕೊಂಡಿರಬಹುದು, ಅದಕ್ಕೂ ಗಂಟೆಗಳ ಲೆಕ್ಕ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಲೇಬಾರದು. ಹೊಟ್ಟೆಗೆ ಹೋಗಿದ್ದಕ್ಕಿಂತ ವಾಂತಿಯಲ್ಲಿ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚು ಅಪಾಯ. ಕುಡಿದದ್ದು ಏನೇ ಇರಲಿ, ಬಾಟಲಿಯನ್ನು ಜೊತೆಗೇ ತನ್ನಿ.

ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಾಗ ಮಾತ್ರ ಆಸ್ಪತ್ರೆ ತಲುಪುವಷ್ಟು ಸಮಯ ಇರುವುದಿಲ್ಲ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಇಲ್ಲ. ಸದ್ದು ನಿಂತು, ಬಾಯಿ ತೆರೆದು ಕಣ್ಣರಳಿಸಿದರೆ ಅದು ಅಪಾಯದ ಕ್ಷಣ. 1 ವರ್ಷದೊಳಗಿನ ಕೂಸನ್ನು ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಬೆನ್ನಿನ ನಡುವೆ 5 ಪೆಟ್ಟು. ಆಮೇಲೆ ತಿರುಗಿಸಿ ಎದೆಯ ನಡುವೆ 5 ಒತ್ತು. ದೊಡ್ಡ ಮಗುವಿಗೆ ಬೆನ್ನಿನ 5 ಪೆಟ್ಟಿನ ನಂತರ ಹೊಟ್ಟೆಯ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ 5 ಸಲ ಒತ್ತುತ್ತಾರೆ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬಾರದು, ಅದು ಇನ್ನೂ ಒಳಗೆ ಹೋಗುತ್ತದೆ. ಪ್ರಜ್ಞೆ ತಪ್ಪಿದರೆ ಎದೆ ಒತ್ತುವುದರ ಜೊತೆ ಬಾಯಿಯಿಂದ ಉಸಿರನ್ನೂ ಕೊಡಬೇಕು. ಮಕ್ಕಳಲ್ಲಿ ಮೊದಲು ಕೊರತೆಯಾಗಿರುವುದೇ ಉಸಿರು. ಇದನ್ನು ಓದಿ ಕಲಿಯುವುದಕ್ಕಿಂತ ಬೊಂಬೆಯ ಮೇಲೆ ಒಮ್ಮೆ ಮಾಡಿ ಕಲಿಯುವುದು ಒಳ್ಳೆಯದು.

## ಹೆತ್ತವರ ಬಾಯಿಂದ ಬೇಕಾದ ಮಾತು

ಮಗುವಿಗೆ ಹೇಳಲು ಬರುವುದಿಲ್ಲ. ಹಾಗಾಗಿ ನೀವು ಹೇಳುವುದೇ ಮೊದಲ ಆಧಾರ. ಯಾವಾಗ ಶುರುವಾಯಿತು, ಕೊನೆಗೆ ಏನು ತಿಂದಿತು, ಯಾವ ಔಷಧ ಕೊಟ್ಟಿರಿ, ಯಾವುದಕ್ಕೆ ಅಲರ್ಜಿ, ಕೊನೆಯ ಸಲ ಮೂತ್ರ ಮಾಡಿದ್ದು ಎಷ್ಟು ಹೊತ್ತಿಗೆ, ಯಾವ ಲಸಿಕೆ ಬಾಕಿ ಇದೆ. ಫಿಟ್ಸ್‌ನದೋ ವಿಚಿತ್ರ ಉಸಿರಿನದೋ ಮೊಬೈಲ್ ವಿಡಿಯೋ ಇದ್ದರೆ ತೋರಿಸಿ, ಹತ್ತು ಮಾತಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಏನೋ ಕೊಟ್ಟು ಆಮೇಲೆ ಹೇಳಲು ನಾಚಿಕೆ ಪಡಬೇಡಿ. ಆ ಹೊತ್ತಿಗೆ ಅವರಿಗೆ ಬೇಕಾಗಿರುವುದು ಮಾಹಿತಿ ಮಾತ್ರ.

ಎಲ್ಲ ಪರೀಕ್ಷೆ ಮುಗಿದ ಮೇಲೂ "ಇನ್ನು ನಾಲ್ಕು ಗಂಟೆ ಇಲ್ಲೇ ಇರಿ" ಎಂದು ಹೇಳುವುದುಂಟು. ಏನೂ ಮಾಡದೆ ಕೂರಿಸಿದ್ದಾರೆ ಎಂದು ಬೇಸರವಾಗುತ್ತದೆ. ತಲೆಗೆ ಪೆಟ್ಟಾದ ಮಗುವಿನಲ್ಲಿ ಈ ಕಾಯುವಿಕೆ ಎಷ್ಟೋ ಸಲ ಸಿಟಿ ಸ್ಕ್ಯಾನನ್ನೇ ತಪ್ಪಿಸುತ್ತದೆ. 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಪೆಕಾರ್ನ್ ಅಧ್ಯಯನ, ಯಾವ ಮಕ್ಕಳಿಗೆ ಸ್ಕ್ಯಾನ್ ಬೇಡ ಎಂದು ಗುರುತಿಸುವ ನಿಯಮಗಳನ್ನು ಕೊಟ್ಟಿತು. ಬೆಳೆಯುವ ಮಿದುಳಿಗೆ ಬೇಡದ ವಿಕಿರಣ ಯಾಕೆ ಎಂಬುದು ಅದರ ಹಿಂದಿನ ಕಾಳಜಿ.

ಮನೆಗೆ ಕಳಿಸುವಾಗ ಯಾವ ಲಕ್ಷಣ ಕಂಡರೆ ತಿರುಗಿ ಬರಬೇಕು ಎಂದು ಕೇಳಿ, ಬರೆಸಿಕೊಳ್ಳಿ. ಹಾಲು ಅಥವಾ ಊಟ ಅರ್ಧಕ್ಕಿಂತ ಕಡಿಮೆಯಾದರೆ, ಉಸಿರಿಗೆ ಎದೆ ಸೆಳೆದರೆ, ಡಯಾಪರ್ ಬಹಳ ಹೊತ್ತು ಒದ್ದೆಯಾಗದಿದ್ದರೆ, ವಾಂತಿ ನಿಲ್ಲದಿದ್ದರೆ, ಎಬ್ಬಿಸಲು ಕಷ್ಟವಾದರೆ. ಇವಿಷ್ಟೂ ಇಲ್ಲದೆ, ಬರೀ "ನಮ್ಮ ಮಗು ಎಂದಿನಂತೆ ಇಲ್ಲ" ಎನ್ನಿಸಿದರೂ ಹೋಗಿ ಅದನ್ನೇ ಹೇಳಿ. ಮಕ್ಕಳ ವೈದ್ಯರು ಆ ಮಾತನ್ನೂ ಒಂದು ಲಕ್ಷಣವೆಂದೇ ಬರೆದುಕೊಳ್ಳುತ್ತಾರೆ.